ಬೋಳು ಬಿಟ್ಟ ಜಾಗ

೧೯೫೭. ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಗೋಕಾಕದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಸಾಲೆ ಬಿಟ್ಟ ಮೇಲೆ, ಡ್ರಾಯಿಂಗ್ ಶಿಕ್ಷಕರ ಪರೀಕ್ಷೆಗೆ ಕೂರುವವರಿಗೆ ಜಲವರ್ಣ ಹೇಳಿಕೊಡುತ್ತಿದ್ದೆ. ಅವರಲ್ಲಿ ಒಬ್ಬಳೇ ಹೆಣ್ಣುಮಗಳು, ರತ್ನವ್ವ.

ಆಕೆಯದು ಕಟ್ಟಿಗೆಯ ಗೊಂಬೆಗಳಿಗೆ ಬಣ್ಣ ಹಚ್ಚುವ ಮನೆತನ. ಗಂಡ ತೀರಿಕೊಂಡ ಮೇಲೆ ಮಗಳೊಂದಿಗೆ ಅಣ್ಣನ ಮನೆ ಸೇರಿದ್ದಳು. ಹುಕ್ಕೇರಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಡ್ರಾಯಿಂಗ್ ಶಿಕ್ಷಕಿಯ ಹುದ್ದೆ ಖಾಲಿ ಇತ್ತು. ಪಾಸಾದರೆ ತನ್ನದೇ ಮನೆ, ಇಲ್ಲವಾದರೆ ಕೊನೆತನಕ ಅತ್ತಿಗೆಯ ಮುಖ ನೋಡಿಕೊಂಡು ಉಣ್ಣಬೇಕು.

ಆಕೆಯ ಕೈ ಎಂಥದ್ದು ಅಂತೀರಿ! ಗೊಂಬೆಯ ಹುಬ್ಬನ್ನು ಒಂದೇ ಎಳೆತಕ್ಕೆ ಬರೆಯುವವಳು. ಜಲವರ್ಣದ ಹಾಳೆ ಮುಂದಿಟ್ಟರೆ ಮಾತ್ರ ಆ ಕೈ ನಡುಗುತ್ತಿತ್ತು. ಜಲವರ್ಣದಲ್ಲಿ ಬಿಳಿ ಬಣ್ಣ ಹಚ್ಚುವುದಿಲ್ಲ; ಬೆಳಕು ಬೇಕಾದಲ್ಲಿ ಹಾಳೆಯನ್ನು ಹಾಗೇ ಬಿಡಬೇಕು. ಈಕೆ ಸಣ್ಣ ಕುಂಚ ಹಿಡಿದು ಮೂಲೆಮೂಲೆಯನ್ನೂ ತುಂಬುತ್ತಿದ್ದಳು. ಹಾಳೆ ರಾಡಿಯಾಗುತ್ತಿತ್ತು, ನನ್ನ ತಲೆಯೂ.

“ಎಲ್ಲಾ ಯಾಕ ತುಂಬತೀರಿ?” ಒಂದು ದಿನ ರೇಗಿದೆ.

“ಬೋಳು ಬಿಡಬಾರ್ದಲ್ರಿ ಮಾಸ್ತರ. ನಮ್ಮಪ್ಪ ಬೈತಿದ್ದ.”

ಬಣ್ಣ ತಾಗದೆ ಉಳಿದ ಕಟ್ಟಿಗೆಗೆ ಅವರ ಮನೆಯಲ್ಲಿ ಬೋಳು ಅನ್ನುತ್ತಿದ್ದರು. ಹೇಳುತ್ತ ಹೇಳುತ್ತ ಆಕೆಯ ಕೈ ಕುಂಕುಮವಿಲ್ಲದ ಹಣೆಗೆ ಹೋಯಿತು. ಊರಿನವರು ಅದಕ್ಕೂ ಅದೇ ಮಾತು ಆಡುತ್ತಿದ್ದರು. ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು.

ಮುಂದಿನ ರವಿವಾರ ಎಲ್ಲರನ್ನೂ ಗೋಕಾಕ ಫಾಲ್ಸಿಗೆ ಕರೆದೊಯ್ದೆ. ಮಳೆಗಾಲದ ಕೊನೆ, ಕೆಂಪು ನೀರು ಹೋಗಿ ಘಟಪ್ರಭೆ ಬೆಳ್ಳಗೆ ಧುಮುಕುತ್ತಿತ್ತು. ರತ್ನವ್ವನ ಸಣ್ಣ ಕುಂಚ ಇಸಿದುಕೊಂಡು ಹೆಬ್ಬೆರಳು ದಪ್ಪದ್ದನ್ನು ಕೊಟ್ಟೆ. ಹಾಳೆಯನ್ನು ಪೂರ್ತಿ ತೋಯಿಸಲು ಹೇಳಿದೆ. ಬಂಡೆಗೆಂದು ಕಂದು ಬಣ್ಣ ಇಟ್ಟದ್ದೇ ತಡ, ಅದು ಕೆಳಗಿಳಿಯತೊಡಗಿತು.

“ಅಯ್ಯ, ಹರದು ಹೊಂಟೈತ್ರಿ!”

“ಹರೀಲಿ ಬಿಡ್ರಿ. ಕೆಟ್ಟರ ನನ್ನ ಹಾಳಿ ಕೆಡತೈತಿ, ನಿಮಗೇನ್ರಿ?”

ಅಷ್ಟರಲ್ಲಿ ಗಾಳಿ ಬೀಸಿ ಜಲಪಾತದ ತುಂತುರು ಹಾಳೆಯ ಮೇಲೆ ಬಿತ್ತು. ಹಸಿ ಬಣ್ಣದಲ್ಲಿ ಅಲ್ಲಲ್ಲಿ ತಿಳಿ ಚುಕ್ಕೆ ಮೂಡಿದವು. ಒರೆಸಲೆಂದು ಸೆರಗು ಎತ್ತಿದವಳು ಹಾಗೇ ನಿಂತಳು.

“ಹನಿ ಬಿದ್ದಲ್ಲೆ ಖರೇನ ನೀರು ಹಾರಿದಂಗ ಕಾಣತೈತ್ರಿ,” ಎಂದು ನಕ್ಕಳು. ಆಕೆ ನಕ್ಕದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಆಮೇಲೆ ಯಾರನ್ನೂ ಕೇಳಲಿಲ್ಲ. ಎರಡೂ ಕಡೆಯ ಬಂಡೆಗಳನ್ನು ದಪ್ಪ ಕುಂಚದಿಂದ ಎಳೆದೆಳೆದು ಹಾಕಿದಳು. ನಡುವೆ, ನೀರು ಬೀಳುವಲ್ಲಿ, ಹಾಳೆ ಬರಿದೇ ಉಳಿದಿತ್ತು. ಕುಂಚ ಅದರ ಮೇಲೆ ಬಹಳ ಹೊತ್ತು ತೂಗಿತು. ಕಡೆಗೆ ಕುಂಚವನ್ನು ನೀರಿನ ಗಿಂಡಿಗೆ ಹಾಕಿ, “ಸಾಕ್ರಿ,” ಎಂದಳು.

ಪರೀಕ್ಷೆಯಲ್ಲಿ ಬಿಡಿಸಲು ತಾಮ್ರದ ಕೊಡ ಬಂದಿತ್ತಂತೆ. ಅದರ ಹೊಳಪಿಗೆ ಹಾಳೆಯನ್ನು ಬಿಳಿಯಾಗಿಯೇ ಬಿಟ್ಟಳು. ಪಾಸಾದಳು.

ಕೆಲವು ವರ್ಷಗಳ ನಂತರ ಹುಕ್ಕೇರಿಗೆ ಹೋದಾಗ ಆಕೆಯ ವರ್ಗದ ಬಾಗಿಲಲ್ಲಿ ನಿಂತೆ. ಹುಡುಗಿಯೊಬ್ಬಳು, “ಅಕ್ಕೋರ, ಇಲ್ಲೆ ಬೋಳು ಉಳದೈತ್ರಿ, ತುಂಬ್ಲೇನ್ರಿ?” ಎಂದು ಕೇಳುತ್ತಿದ್ದಳು.

ಕೈ ನಡುಗಿದರೆ, ಅದು ಯಾವ ಮಾತಿಗೆ ಹೆದರಿದೆ ಎಂದು ಮೊದಲು ಕೇಳಬೇಕು. ಮಾಸ್ತರಿಕೆ ನನಗೆ ಕಲಿಸಿದ್ದು ಇಷ್ಟೇ. ರತ್ನವ್ವ ಅದನ್ನು ನನಗಿಂತ ಚೆನ್ನಾಗಿ ಕಲಿತಿದ್ದಳು. ಹುಡುಗಿಯ ತಲೆ ನೇವರಿಸಿ ಹೇಳಿದಳು:

“ಬೋಳು ಅನಬ್ಯಾಡವ್ವಾ. ಬೆಳಕು ಅಲ್ಲೇ ಐತಿ.”