ಮೂರನೆಯ ಸದ್ದು

ಕಳೆದ ವರ್ಷ ಮೊಹರಂ ಮುಗಿದ ಮೊದಲ ಭಾನುವಾರ, ಉಸ್ತಾದರಿಗೆ ಕಿವಿ ಕೇಳಿಸುತ್ತಿಲ್ಲ ಎಂಬುದು ನಮಗೆ ತಿಳಿಯಿತು. ಶಹಾಪುರದಲ್ಲಿ ಅವರ ಸೀಟ್ ಕವರ್ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ.

ಉಸ್ತಾದರು ಹರೆಯದಲ್ಲಿ ಹೈದರಾಬಾದಿನಲ್ಲಿ ಬಾಕ್ಸಿಂಗ್ ಆಡಿದವರು. ಊರಿಗೆ ಮರಳಿದ ಮೇಲೆ ಬೈಕು, ಆಟೊಗಳ ಸೀಟು ಹೊಲಿಯುತ್ತ, ಬಂದವರಿಗೆ ಬಾಕ್ಸಿಂಗ್ ಕಲಿಸುತ್ತ ಇದ್ದರು. ಶೆಡ್ಡಿನ ತೊಲೆಗೆ ಮಟ್ಟಸವಾಗಿ ಬಿಗಿದ ದುಂಡನೆಯ ದಪ್ಪ ಹಲಗೆ, ಅದರ ತಳದ ನಡುವಿನ ಕೊಂಡಿಯಲ್ಲಿ ತೂಗುವ ಸ್ಪೀಡ್ ಬ್ಯಾಗ್. ತೆಂಗಿನಕಾಯಿಗಿಂತ ತುಸು ದೊಡ್ಡದಾದ, ಗಾಳಿ ತುಂಬಿದ ಚರ್ಮದ ಚೀಲ, ಅವರೇ ಹೊಲಿದದ್ದು. ನಾನು ಯಾದಗಿರಿಯ ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವ ಕೆಲಸದವನು. ಭಾನುವಾರ ಬೆಳಿಗ್ಗೆ ಭೀಮಾ ಸೇತುವೆ ದಾಟಿ ಅಲ್ಲಿಗೆ ಹೋಗುತ್ತಿದ್ದೆ.

ಗುದ್ದಿದ ಚೀಲ ಹಿಂದಕ್ಕೆ ಹೋಗಿ ಹಲಗೆಗೆ ಬಡಿಯುತ್ತದೆ, ಮುಂದಕ್ಕೆ ಬಂದು ಬಡಿಯುತ್ತದೆ, ಮತ್ತೆ ಹಿಂದಕ್ಕೆ ಹೋಗಿ ಬಡಿಯುತ್ತದೆ. ಮೂರು ಸದ್ದು ಮುಗಿದ ಮೇಲೆಯೇ ಮುಂದಿನ ಗುದ್ದು. ಮೊಣಕೈ ಎತ್ತಿರಬೇಕು, ಮುಷ್ಟಿ ಗಲ್ಲದ ಎತ್ತರದಲ್ಲಿ ಸಣ್ಣ ಸುತ್ತು ಹಾಕಬೇಕು, ಚೀಲವನ್ನು ತಳ್ಳಬಾರದು. ವೇಗ ಹೆಚ್ಚಿದಂತೆ ಚೀಲ ಕಣ್ಣಿಗೆ ಸಿಗುವುದಿಲ್ಲ, ಕಿವಿಯನ್ನೇ ನಂಬಬೇಕು. ಉಸ್ತಾದರು ಹೊಲಿಗೆ ಮಷಿನ್ ಮುಂದೆ ನಮಗೆ ಬೆನ್ನು ಮಾಡಿ ಕೂತು ಕೇಳಿಯೇ ಕಲಿಸುತ್ತಿದ್ದರು. "ಮೂರನೇದ್ ನುಂಗಿದಿ ನೋಡು! ಮನ್ಯಾಗ ಊಟ ಹಾಕಿಲ್ಲೇನು?"

ನಮ್ಮ ಕಡೆಯ ತಾಲೀಮು ಮನೆಗಳಲ್ಲಿ ಉಸ್ತಾದ ಬಾಯಿಬಿಟ್ಟು ಹೊಗಳುವುದಿಲ್ಲ. ಬೈಯುವುದು ನಿಂತರೆ ಅದೇ ಶಾಭಾಸ್. ಆ ಬೇಸಿಗೆಯಿಂದ ಅವರು ನನ್ನನ್ನು ಬೈದಿರಲಿಲ್ಲ. ನಾನು ವೇಗ ಹೆಚ್ಚಿಸಿದೆ. ಅವರು ಸುಮ್ಮನಿದ್ದರು. ಇನ್ನಷ್ಟು ಹೆಚ್ಚಿಸಿದೆ.

ಆ ಭಾನುವಾರ ಸುರಪುರದ ಹುಡುಗಿಯೊಬ್ಬಳು ಬಂದಿದ್ದಳು. ಪೊಲೀಸ್ ನೇಮಕಾತಿಗೆ ತಯಾರಾಗುತ್ತಿದ್ದವಳು, ನಮ್ಮಲ್ಲೆಲ್ಲ ಚುರುಕು ಕೈಯವಳು. ಕಡೇಚೂರಿನ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕು ಕೆಲವು ತಿಂಗಳು ಕಾಣಿಸಿರಲಿಲ್ಲ. ನಾನು ಹೊಡೆಯುವುದನ್ನು ಸ್ವಲ್ಪ ಹೊತ್ತು ಕೇಳಿ ನಕ್ಕಳು.

"ಏನ್ರಿ ಅಣ್ಣಾ, ಖಾರ ಕುಟ್ಟಾಕತ್ತೀರೇನು?"

"ಯಾಕ?"

"ಮೂರನೇದ್ ಎಲ್ಲೈತ್ರಿ? ಉಸ್ತಾದ್ ಬೈದಿಲ್ಲೇನು?"

"ಬೈದು ಭಾಳ ದಿನ ಆತು."

ಅವಳ ನಗೆ ನಿಂತಿತು. ಮಷಿನ್ ಆಗ ಓಡುತ್ತಿರಲಿಲ್ಲ. ಉಸ್ತಾದರು ಸೂಜಿಗೆ ದಾರ ಪೋಣಿಸುತ್ತಿದ್ದರು. ಅವಳು ಅವರ ಬೆನ್ನ ಹಿಂದೆ ನಿಂತು "ಉಸ್ತಾದ್" ಎಂದಳು. ಇನ್ನೊಮ್ಮೆ ಗಟ್ಟಿಯಾಗಿ ಕೂಗಿದಳು. ಅವರು ದಾರ ಪೋಣಿಸುವುದನ್ನು ಮುಂದುವರಿಸಿದರು.

ಚಹಾ ತಂದ ಅವರ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟರು. ತಟ್ಟೆ ಕೆಳಗಿಟ್ಟು ಹೇಳಿದರು: "ಕುಕ್ಕರ್ ಸೀಟಿ ಸೈತ ಕೇಳ್ಸವಲ್ದು ಇವರಿಗೆ. ಯಾರಿಗೂ ಹೇಳಬ್ಯಾಡ ಅಂದಾರ್ರಿ. ಕಿವಿ ಹೋಗ್ಯಾವ ಅಂದ್ರ ಕಲಿಲಾಕ ಯಾರ್ ಬರ್ತಾರ ಅಂತಾರ."

ಮರುವಾರ ನಾನೇ ಅವರನ್ನು ಕಲಬುರಗಿಗೆ ಕರೆದುಕೊಂಡು ಹೋದೆ. ನರ ಸೋತಿದೆ, ಕಿವಿಗೆ ಮಷಿನ್ ಹಾಕಿದರೆ ಸದ್ದು ದೊಡ್ಡದಾಗುತ್ತದೆ, ಆದರೆ ಬಿಡಿಬಿಡಿಯಾಗಿ ಕೇಳುವ ಭರವಸೆ ಇಲ್ಲ ಎಂದರು ಡಾಕ್ಟರು. ಮಷಿನ್ ಹಾಕಿಸಿಕೊಂಡು ಬಂದು, ಚೀಲದ ಹತ್ತಿರ ಕೂತು ಕೇಳಿದ ಉಸ್ತಾದರು ಅದನ್ನು ತೆಗೆದು ಡಬ್ಬಿಗಿಟ್ಟರು. "ಮೂರೂ ಕೂಡಿ ಒಂದಾ ಆಗ್ಯಾವ," ಎಂದರು. ಸುದ್ದಿ ಹರಡಿತು. ಬರುವವರು ಒಬ್ಬೊಬ್ಬರೇ ಕಡಿಮೆಯಾದರು. ಕೊನೆಗೆ ಉಳಿದವರು ನಾನು ಮತ್ತು ಆ ಹುಡುಗಿ.

ಚಳಿಗಾಲದಲ್ಲಿ ಅವರೇ ಒಂದು ದಾರಿ ಹುಡುಕಿದರು. ಸ್ಟೂಲ್ ಹತ್ತಿ ನಿಂತು, ಅಂಗೈಯನ್ನು ಹಲಗೆಯ ಮೇಲ್ಮೈಗೆ ಒತ್ತಿ "ಹೊಡಿ, ಸಾವಕಾಶ" ಎಂದರು. ಹೊಡೆದೆ. "ಎರಡು... ಎರಡು... ಹಾಂ, ಈಗ ಮೂರು! ಭುಜ ಇಳಸೋ, ನೀ ಏನ್ ಮೂಟಿ ಹೊತ್ತಿಲ್ಲ." ಬೈಗುಳ ಮತ್ತೆ ಶುರುವಾಯಿತು. ನನ್ನ ಸುತ್ತು ಚಿಕ್ಕದಾಯಿತು, ತಳ್ಳುವುದು ನಿಂತಿತು. ನುಂಗಿದ ಸದ್ದು ಮರಳಿ ಬಂತು. ಸ್ವಲ್ಪ ವೇಗ ಹೆಚ್ಚಿಸಿದರೂ "ಸಾವಕಾಶ ಅಂದೇನಲ್ಲ" ಎನ್ನುತ್ತಿದ್ದರು. ಹುಡುಗಿಗೂ ಅದೇ ಮಾತು. ಅವಳು ತಲೆಯಾಡಿಸಿ ನಿಧಾನವಾಗಿ ಹೊಡೆಯುತ್ತಿದ್ದಳು.

ಕಳೆದ ಭಾನುವಾರ ಅವರು ಅಂಗೈ ಒತ್ತಿ ನಿಂತು, "ಬೇಟಿ, ಇವತ್ತ ನಿನ್ನ ಪೂರಾ ಸ್ಪೀಡ್ ತೋರಿಸು," ಎಂದರು.

"ಬ್ಯಾಡ್ರಿ ಉಸ್ತಾದ್," ಎಂದು ಅವಳು ಕೈಯಾಡಿಸಿದಳು.

"ತೋರಿಸಂದೆ."

ಅವಳು ಹೊಡೆದಳು. ಶೆಡ್ಡಿನ ತಗಡು ಗುಂಯ್‌ಗುಟ್ಟಿತು. ಒಂದು ಸದ್ದೂ ತಪ್ಪಲಿಲ್ಲ. ಉಸ್ತಾದರು ಕಣ್ಣು ಮುಚ್ಚಿದರು, ಇನ್ನೊಂದು ಅಂಗೈಯನ್ನೂ ಒತ್ತಿದರು. ಆಮೇಲೆ ಕಣ್ಣು ತೆರೆದು ನನ್ನ ಕಡೆ ನೋಡಿ, ಎಷ್ಟು ಎಂಬಂತೆ ಹುಬ್ಬೇರಿಸಿದರು.

ನಾನು ಮೂರು ಬೆರಳು ತೋರಿಸಿದೆ.

ಅವರು ಎರಡೂ ಕೈ ತೆಗೆದು ಸ್ಟೂಲಿನಿಂದ ಇಳಿದರು. ಹೊಲಿಗೆ ಮಷಿನ್ ಮುಂದೆ ಕೂತು, ಅರ್ಧ ಉಳಿದಿದ್ದ ಆಟೊ ಸೀಟು ಹೊಲಿಯತೊಡಗಿದರು.