ಹುಳದ ಕೋಣೆಯಲ್ಲಿ ಅತ್ತಿಗೆಯ ಹಾಸಿಗೆ

ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಹುಳಗಳಿಗೆ ಮರ್ಯಾದೆ ಹೆಚ್ಚಿತ್ತು. ಮಳೆಗೆ ಸೋರದ, ಚಳಿಗಾಳಿ ನುಗ್ಗದ ಕೋಣೆ ಇದ್ದದ್ದು ಒಂದೇ. ಅದು ರೇಷ್ಮೆ ಹುಳಗಳದ್ದು. ನಾವೆಲ್ಲ ಮಿಕ್ಕ ಜಾಗದಲ್ಲಿ ಹೇಗೋ ಕಾಲು ಮಡಚಿಕೊಂಡು ಮಲಗುತ್ತಿದ್ದೆವು. ಆ ಕೋಣೆಯ ಬಾಗಿಲಿಗೆ ಗೋಣಿಯ ಪರದೆ, ಚಳಿಗಾಲದಲ್ಲಿ ಮೂಲೆಗೊಂದು ಕೆಂಡದ ಮಡಕೆ. ಒಳಗೆ ಹೋಗುವವರು ಕೈಕಾಲು ತೊಳೆದೇ ಹೋಗಬೇಕು. ಮುಟ್ಟಾದವರು ಆ ಕಡೆ ತಲೆ ಹಾಕುವಂತಿಲ್ಲ. ಹುಳ ಮೇಯುವ ದಿನಗಳಲ್ಲಿ ಮನೆಯಲ್ಲಿ ಒಗ್ಗರಣೆಯೂ ಇಲ್ಲ, ಘಾಟಿಗೆ ಹುಳ ಕೆಡುತ್ತದೆಂದು ಅವ್ವ ನಮಗೆಲ್ಲ ಸಪ್ಪೆ ಸಾರು ಬಡಿಸುತ್ತಿದ್ದಳು. ಅಪ್ಪ ಒಮ್ಮೆ ಬೀಡಿ ಹಚ್ಚಿಕೊಂಡು ಆ ಬಾಗಿಲ ಮುಂದೆ ನಿಂತಿದ್ದಕ್ಕೆ ಅವತ್ತು ಅವನಿಗೆ ಸಾರೂ ಸಿಗಲಿಲ್ಲ.

ಕೊಳ್ಳೇಗಾಲ ಇನ್ನೂ ಮದ್ರಾಸಿನವರ ಕೈಯಲ್ಲಿದ್ದ ಕಾಲ ಅದು. ಧನಗೆರೆಯ ನಮ್ಮ ತುಂಡು ಭೂಮಿಯಲ್ಲಿ ಹಿಪ್ಪುನೇರಳೆ ಇತ್ತು. ಸೊಪ್ಪು ತಂದು, ಹೆಚ್ಚಿ, ಹುಳಕ್ಕೆ ಹಾಕಿ, ಗೂಡು ಬೆಳೆದು ಕೊಳ್ಳೇಗಾಲಕ್ಕೆ ಸಾಗಿಸುವುದೇ ನಮ್ಮ ಬದುಕು. ಪೇಟೆಯಲ್ಲಿ ಯಾರೋ ಅದನ್ನು ಬಿಚ್ಚಿ ನೂಲು ಮಾಡುತ್ತಿದ್ದರು, ಇನ್ಯಾರೋ ಸೀರೆ ನೇಯುತ್ತಿದ್ದರು. ಆ ಸೀರೆ ಉಡುವವರನ್ನು ನಾವು ಕಂಡದ್ದಿಲ್ಲ.

ಅಣ್ಣನಿಗೆ ಹೂಗ್ಯದಿಂದ ಹೆಣ್ಣು ತಂದರು. ಹನೂರಿನಾಚೆ ಕಾಡಂಚಿನ ಊರು ಅದು. ರಾಗಿ, ದನ, ಮರಗಳ ನಡುವೆ ಬೆಳೆದ ಹುಡುಗಿ. ರೇಷ್ಮೆ ಹುಳವನ್ನು ಅವಳು ಮೊದಲು ಕಂಡದ್ದು ನಮ್ಮ ಮನೆಯಲ್ಲೇ. ಹುಳ ತುಂಬಿದ ಬಿದಿರ ತಟ್ಟೆ ನೋಡಿ, "ಇದ್ಯಾನತ್ತೆ, ಇಷ್ಟೊಂದು ಉಳಾನೂ ನೀವೇ ಸಾಕ್ತೀರಾ? ನಮ್ಮೂರಲ್ಲಿ ಉಳ ಕಂಡ್ರೆ ಕಾಲಲ್ಲಿ ಒಸಕಾಕ್ತೀವಿ" ಎಂದಳು. ಅವ್ವ ನಗಲಿಲ್ಲ. ನಾನು ನಕ್ಕು ನಕ್ಕು ಸೊಪ್ಪಿನ ಕುಕ್ಕೆ ಕೆಡವಿದೆ. ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಗೆಳತಿ ಅವಳು.

ಹೊಸಕಲು ಹೊರಟಿದ್ದವಳ ಕೈಗುಣವೇ ಎಲ್ಲರಿಗಿಂತ ಚೆನ್ನಾಗಿತ್ತು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳ ಮಾತ್ರ ಗೂಡು ಕಟ್ಟುತ್ತದೆ. ಅವಳು ಹಾಸು ಬದಲಾಯಿಸಿದ ತಟ್ಟೆಗಳಲ್ಲಿ ಹುಳ ಸಾಯುವುದೇ ಕಡಿಮೆಯಾಯಿತು. ಹೊಗಳಲು ಬಾರದ ಅವ್ವ, "ಪರವಾಗಿಲ್ಲ, ಕಾಡ ಎಣ್ಣಾದ್ರೂ ಕೈ ನಯವಾಗದೆ" ಎಂದಳು. ಅವ್ವನ ಬಾಯಲ್ಲಿ ಅದು ದೊಡ್ಡ ಬಿರುದು.

ಒಂದು ವರ್ಷ ಏನೂ ಇರಲಿಲ್ಲ. ಆಮೇಲೆ ಸೀನು ಶುರುವಾಯಿತು. ಹುಳದ ಕೋಣೆಯಿಂದ ಹೊರಗೆ ಬಂದಾಗಲೆಲ್ಲ ಅವಳ ಕಣ್ಣು ಕೆಂಪಗಿರುತ್ತಿತ್ತು. ಮುಂದಿನ ಬೆಳೆಗೆ ಕೆಮ್ಮು, ಅದರ ಮುಂದಿನ ಬೆಳೆಗೆ ಎದೆಯಲ್ಲಿ ಸಿಳ್ಳೆಯ ಸದ್ದು. ಸೊಪ್ಪು ಮೇಯುವ ಹುಳಗಳ ಸದ್ದಿಗಿಂತ ಅವಳ ಉಸಿರಿನ ಸದ್ದೇ ದೊಡ್ಡದಾಯಿತು. ನಾಟಿ ಮದ್ದು ಕೊಡುವವನು ಬಂದು ಶೀತ ಎಂದ, ಕಷಾಯ ಕೊಟ್ಟ. ಎದೆಯ ಮೇಲೆ ಬರೆಯನ್ನೂ ಹಾಕಿದ. ಬರೆಯ ಹುಣ್ಣು ಮಾಯಿತು, ಸಿಳ್ಳೆ ಹಾಗೇ ಉಳಿಯಿತು.

ಹಬ್ಬಕ್ಕೆಂದು ತೌರಿಗೆ ಹೋದರೆ ಅವಳು ಗುಣವಾಗಿಬಿಡುತ್ತಿದ್ದಳು. ಹೂಗ್ಯದಲ್ಲಿ ಸೌದೆ ಹೊರುತ್ತಿದ್ದಳಂತೆ, ಹಳ್ಳದಿಂದ ನೀರು ತರುತ್ತಿದ್ದಳಂತೆ. ಧನಗೆರೆಗೆ ಬಂದು ಸ್ವಲ್ಪ ದಿನಕ್ಕೇ ಮತ್ತೆ ಕೂತಲ್ಲೇ ಏದುಸಿರು. ಅವ್ವ ಅಣ್ಣನಿಗೆ ಹೇಳಿದಳು: "ತೌರ ಗಾಳಿ ತಾಕುದ್ರೆ ಕಾಯ್ಲೆ ಓಡೋಯ್ತದೆ, ನಮ್ಮ ಒಸ್ಲು ತುಳುದ್ರೆ ವಾಪಸ್ ಬತ್ತದೆ. ಇದು ಕಾಯ್ಲೆಯಲ್ಲ ಕಣ್ಲಾ, ನೆಪ." ಅಣ್ಣ ತಲೆಯಾಡಿಸಿದ. ಅವನು ಅವ್ವನ ಮಾತಿಗೂ ತಲೆಯಾಡಿಸುತ್ತಿದ್ದ, ಹೆಂಡತಿಯ ಮಾತಿಗೂ ತಲೆಯಾಡಿಸುತ್ತಿದ್ದ. ಕೋಲೆ ಬಸವನಾದರೂ ಒಬ್ಬನ ಮಾತಿಗೆ ಮಾತ್ರ ತಲೆಯಾಡಿಸುತ್ತದೆ.

ನೆಪ ಅಲ್ಲ ಎಂದು ಅವ್ವನಿಗೆ ಗೊತ್ತಾದದ್ದು ಪುಷ್ಯದ ಒಂದು ಬೆಳಿಗ್ಗೆ. ಅತ್ತಿಗೆ ಸೊಪ್ಪು ಹೆಚ್ಚುತ್ತ ಕೂತಿದ್ದವಳು ಕತ್ತಿ ಬಿಟ್ಟು ನೆಲಕ್ಕೆ ಎರಡೂ ಕೈ ಊರಿದಳು. ಹೆಗಲು ಮೇಲಕ್ಕೆ ಎದ್ದೆದ್ದು ಬೀಳುತ್ತಿತ್ತು. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಅವ್ವನ ಮುಖದಲ್ಲಿ ನಾನು ಭಯವನ್ನು ಕಂಡದ್ದು ಅದೇ ಮೊದಲು. ಗಾಡಿ ಕಟ್ಟಿ ಕೊಳ್ಳೇಗಾಲದ ಆಸ್ಪತ್ರೆಗೆ ಹೋದೆವು.

ಡಾಕ್ಟರು ತಮಿಳಿನವರು, ಕನ್ನಡ ಬೆರೆಸಿ ಮಾತಾಡುತ್ತಿದ್ದರು. ಒಂದು ಇಂಜೆಕ್ಷನ್ ಕೊಟ್ಟರು. ನೋಡುನೋಡುತ್ತಿದ್ದಂತೆ ಅತ್ತಿಗೆಯ ಹೆಗಲು ಇಳಿಯಿತು, ಅವಳು ನನ್ನ ಕೈ ಹಿಡಿದು ನಕ್ಕಳು. ಅವರು ಕೇಳಬೇಕಾದ್ದನ್ನೇ ಕೇಳಿದರು: "ವೀಟ್ಲೆ, ಮನೇಲಿ, ಧೂಳು ಇದೆಯಾಮ್ಮ?"

ಅವ್ವನಿಗೆ ಅವಮಾನವಾಯಿತು. "ಧೂಳಾ? ಉಳ ಸಾಕೋ ಮನೆ ಸಾ ನಮ್ದು. ನೆಲದ ಮ್ಯಾಲೆ ಅನ್ನ ಆಕ್ಕೊಂಡು ಉಣ್ಣಬೈದು" ಎಂದಳು. ಅದು ಸುಳ್ಳಲ್ಲ. ಡಾಕ್ಟರು ಒಪ್ಪಿಕೊಂಡು, ಬೆಚ್ಚಗೆ ಇಡಿ, ಚಳಿಗಾಳಿ ತಾಕಿಸಬೇಡಿ, ಹೊಗೆ ಘಾಟು ಸೋಕದ ಜಾಗದಲ್ಲಿ ಮಲಗಿಸಿ ಎಂದು ಕಳಿಸಿದರು.

ಬೆಚ್ಚಗಿನ, ಗಾಳಿಯಾಡದ, ಘಾಟು ಸೋಕದ ಜಾಗ ನಮ್ಮ ಮನೆಯಲ್ಲಿ ಯಾವುದಿತ್ತು?

ಅವ್ವ ತಾನೇ ಕಂಬಳಿ ಹಾಸಿದಳು. ತಟ್ಟೆಗಳ ಸಾಲನ್ನು ಸರಿಸಿ, ಮೂಲೆಯಲ್ಲಿ ಜಾಗ ಮಾಡಿ, ಅತ್ತಿಗೆಯನ್ನು ಹುಳದ ಕೋಣೆಯಲ್ಲಿ ಮಲಗಿಸಿದಳು. ಊರ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಬೆಳೆ ಕೆಡುತ್ತದೆ ಎಂದರು. ಕೆಟ್ಟರೆ ಕೆಡಲಿ ಎಂದಳು ಅವ್ವ. ಆ ಮಾತು ಕೇಳಿ ನನಗೆ ಅವ್ವನ ಮೇಲೆ ಹಿಂದೆಂದೂ ಇಲ್ಲದ ಪ್ರೀತಿ ಬಂತು.

ಅತ್ತಿಗೆ ಮಾತ್ರ ಬೇಡವೆಂದಳು. "ಅತ್ತೆ, ನನ್ನ ಊಗ್ಯಕ್ಕೆ ಕಳುಸ್ಬುಡಿ. ಅಲ್ಲಿ ಉಸ್ರು ಬತ್ತದೆ. ಈ ಕ್ವಾಣೇಲಿ ಬರಕಿಲ್ಲ."

"ಆ ಕಾಡ ಚಳೀಲಿ ಸಾಯಕ್ಕಾ? ನನ್ನ ಎತ್ತ ಮಗನ್ನೂ ಈ ಕ್ವಾಣೇಲಿ ಮಲುಗ್ಸಿಲ್ಲ ನಾನು. ಬೆಚ್ಚಗಿರು ಸುಮ್ಕೆ" ಎಂದು ಅವ್ವ ಅವಳ ಹಣೆ ಒರೆಸಿದಳು. ಮರುದಿನ ಅತ್ತಿಗೆ ಮತ್ತೆ ಕೇಳಿದಾಗ ಅಣ್ಣ ಗಾಡಿ ಕಟ್ಟಲು ಎದ್ದ. ಅವ್ವ ಗದರಿದಳು. ಕೂತುಬಿಟ್ಟ. ಅವನು ಹಾಗೆ ಕೂತದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಎಂದಿನಂತೆ ಆ ಸಲವೂ ಬಿತ್ತನೆಗೆಂದು ಒಂದಿಷ್ಟು ಗೂಡು ಉಳಿಸಿದ್ದೆವು. ಅವು ಒಡೆದು ಚಿಟ್ಟೆ ಬಂದವು. ರೇಷ್ಮೆ ಚಿಟ್ಟೆಗೆ ಹಾರಲು ಬಾರದು, ಕೂತಲ್ಲೇ ರೆಕ್ಕೆ ಬಡಿಯುತ್ತದೆ, ಬಡಿದಷ್ಟೂ ಬಿಳಿ ಹುಡಿ ಉದುರುತ್ತದೆ. ಅತ್ತಿಗೆಯ ಕಂಬಳಿಯ ಮೇಲೆ, ಕೂದಲ ಮೇಲೆ ಆ ಹುಡಿ ಕೂತಿರುತ್ತಿತ್ತು. ಅದನ್ನು ಧೂಳು ಎಂದು ನಮ್ಮಲ್ಲಿ ಯಾರೂ ಎಣಿಸಿರಲಿಲ್ಲ. ಅದು ನಮ್ಮ ಮನೆಯ ಲಕ್ಷ್ಮಿ.

ಚಿಟ್ಟೆಗಳು ಮೊಟ್ಟೆ ಇಡುತ್ತಿದ್ದ ಮಧ್ಯಾಹ್ನವೇ ಅವಳು ಹೋದಳು. ಗಾಡಿ ಕೊಳ್ಳೇಗಾಲದ ದಾರಿ ಹಿಡಿಯುವ ಮೊದಲೇ ಮುಗಿದಿತ್ತು. ನಾನು ಅವಳ ಬೆನ್ನು ನೀವುತ್ತಿದ್ದೆ. ಬೆನ್ನಿನ ಒಂದೊಂದು ಎಲುಬೂ ಉಸಿರಿಗಾಗಿ ಗುದ್ದಾಡಿ ಸೋತದ್ದು ನನ್ನ ಅಂಗೈಗೆ ಗೊತ್ತು. ಅವ್ವ ಎದೆ ಬಡಿದುಕೊಂಡು ಅತ್ತಳು. ಇನ್ನೊಂದು ಮಡಕೆ ಕೆಂಡ ಇಡಬೇಕಾಗಿತ್ತು ಎಂದು ಅತ್ತಳು.

ಆಮೇಲೆ ಆ ಮನೆಯಲ್ಲಿರಲು ನನ್ನಿಂದಾಗಲಿಲ್ಲ. ಮೈಸೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಓದಿದೆ, ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಹಿಡಿದೆ. ಗಾಜಿನ ಮೇಲೆ ಒಂದು ತೊಟ್ಟು ರಕ್ತ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುವ ಕೆಲಸ. ಆಸ್ತಮಾದವರ ರಕ್ತದಲ್ಲಿ ಒಂದು ಜಾತಿಯ ಬಿಳಿಯ ಕೋಶಗಳು ಮಿತಿ ಮೀರಿ ಇರುತ್ತವೆ. ಬಣ್ಣ ಹಾಕಿದರೆ ಅವುಗಳ ಹೊಟ್ಟೆ ತುಂಬ ಕೆಂಪು ಕಾಳು. ನೋಡಲು ಸುಂದರವಾಗಿರುತ್ತವೆ, ದಾಳಿಂಬೆ ಬಿಡಿಸಿಟ್ಟ ಹಾಗೆ. ಈ ಕೋಶಗಳು ಮೈಯ ಕಾವಲಿಗೆ ಇರುವಂಥವು, ಹುಳಹುಪ್ಪಟೆ ಒಳಗೆ ಹೊಕ್ಕರೆ ಕೊಲ್ಲಲು ಇರುವಂಥವು.

ನಮ್ಮ ಹಿರಿಯ ಡಾಕ್ಟರು ಬಿಡಿಸಿ ಹೇಳಿದರು. ಕೆಲವರ ಮೈ ಯಾವುದೋ ನಿರಪಾಯದ ಹುಡಿಯನ್ನು ಶತ್ರು ಎಂದು ಒಮ್ಮೆ ಗುರುತು ಹಾಕಿಕೊಳ್ಳುತ್ತದೆ. ಮೊದಲು ಬಂದಾಗ ಸುಮ್ಮನಿದ್ದು ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಬಂದಾಗಲೆಲ್ಲ ಯುದ್ಧಕ್ಕೆ ಏಳುತ್ತದೆ. ಉಸಿರಿನ ಕೊಳವೆಯ ಗೋಡೆಯಲ್ಲಿ ಕಾದು ಕೂತ ಕೋಶಗಳು ಒಡೆದು ಹಿಸ್ಟಮಿನ್ ಎಂಬ ರಸ ಸುರಿಸುತ್ತವೆ. ಗೋಡೆ ಬಾತುಕೊಳ್ಳುತ್ತದೆ, ಲೋಳೆ ತುಂಬುತ್ತದೆ, ಕೊಳವೆ ಬಿಗಿಯುತ್ತದೆ. ಆ ಗದ್ದಲಕ್ಕೆ ಕೆಂಪು ಕಾಳಿನವರು ಹಿಂಡಾಗಿ ಬಂದು ತಮ್ಮ ವಿಷವನ್ನು ಮನೆಯವರ ಮೇಲೇ ಉಗುಳುತ್ತಾರೆ. ವರ್ಷಗಟ್ಟಲೆ ಹೀಗೇ ನಡೆದರೆ ಆ ಗೋಡೆ ಬರೆ ಹಾಕಿದ ಚರ್ಮದಂತೆ ದಪ್ಪಗಟ್ಟಿ, ಹುಡಿಯೇ ಇಲ್ಲದಾಗಲೂ ಸಡಿಲುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಯಾವ ಹುಡಿ ಬೇಕಾದರೂ ಆಗಬಹುದೇ ಎಂದು ಕೇಳಿದೆ. ಯಾವುದಾದರೂ ಆದೀತು, ಹೂವಿನದು, ಬೆಕ್ಕಿನದು, ಚಿಟ್ಟೆಯ ರೆಕ್ಕೆಯದು ಎಂದರು. ನಾನು ಎದ್ದು ಹೋಗಿ ಅವತ್ತಿನ ಗಾಜುಗಳನ್ನೆಲ್ಲ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ.

ಕನ್ನಡ ಸೀಮೆಗಳು ಒಂದಾಗುತ್ತವೆ, ಕೊಳ್ಳೇಗಾಲ ಮೈಸೂರಿಗೆ ಸೇರುತ್ತದೆ ಎಂಬ ಮಾತು ಎದ್ದಿದ್ದ ದಿನಗಳಲ್ಲಿ ಅಣ್ಣ ಅವ್ವನನ್ನು ಕರೆತಂದ. ಅವ್ವನ ಎದೆಯಲ್ಲೂ ಸಿಳ್ಳೆ. ಅಷ್ಟು ವರ್ಷ ಅದೇ ಕೋಣೆಯಲ್ಲಿ ಉಸಿರಾಡಿದ ಹೆಂಗಸು. ನಾನೇ ಅವಳ ಬೆರಳು ಚುಚ್ಚಿ ರಕ್ತ ತೆಗೆದೆ, ನಾನೇ ನೋಡಿದೆ. ಕಾಣಬಾರದಷ್ಟು ಕೆಂಪು ಕಾಳು ಕಂಡವು. ಡಾಕ್ಟರು ರೇಷ್ಮೆಯಿಂದ ದೂರವಿರಿ ಎಂದು ಹೇಳಿ ಕಳಿಸಿದರು.

ಹೊರಗೆ ಬೆಂಚಿನ ಮೇಲೆ ಕೂತು ಅವ್ವ ಕೇಳಿದಳು: "ಆ ಕ್ವಾಣೆಯಿಂದ್ಲಾ?"

"ಹೂಂ" ಎಂದೆ.

"ಅಂಗಾರೆ ಅವ್ಳಿಗೂ?"

ಸುಳ್ಳು ಹೇಳುವುದು ಕಷ್ಟವೇನಿರಲಿಲ್ಲ. ಆದರೆ ಅತ್ತಿಗೆಯ ಬೆನ್ನು ನನ್ನ ಅಂಗೈಯಲ್ಲಿತ್ತು. ಹೂಂ ಎಂದೆ.

ಅವ್ವ ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಅವ್ಳು ಯೋಳಿದ್ಲು ಕಣವ್ವ. ಈ ಕ್ವಾಣೇಲಿ ಉಸ್ರು ಬರಕಿಲ್ಲ ಅಂತ ಬಾಯ್ಬುಟ್ಟು ಯೋಳಿದ್ಲು."

ನನ್ನ ಜೊತೆ ಮೈಸೂರಿನಲ್ಲೇ ಇರು ಎಂದೆ. ಹುಳಕ್ಕೆ ಸೊಪ್ಪು ಹಾಕಬೇಕು ಎಂದು ಬಸ್ಸು ಹತ್ತಿದಳು.

ಆ ಚಳಿಗಾಲದಲ್ಲಿ ಅಣ್ಣ ಒಬ್ಬನೇ ಬಂದ. ಬಾಗಿಲಲ್ಲೇ ನಿಂತು, ಅವ್ವ ಯಾರ ಮಾತೂ ಕೇಳುತ್ತಿಲ್ಲ, ನೀನೇ ಬಂದು ಹೇಳು ಎಂದ. ಹುಳದ ಕೋಣೆಯ ಮೂಲೆಯಲ್ಲಿ, ಅತ್ತಿಗೆ ಮಲಗಿದ್ದ ಜಾಗದಲ್ಲೇ, ಅವ್ವ ತನ್ನ ಹಾಸಿಗೆ ಹಾಸಿಕೊಂಡಿದ್ದಳು.