ನಿಧಾನದ ಡಬ್ಬ

ಟ್ಯಾಕ್ಸಿ ಓಡಿಸುವವರಿಗೆ ಹೆಸರಿಡುವ ಚಟ ಜಾಸ್ತಿ. ಕಂಪನಿಯ ಕರೆಂಟು ಕಾರು ಓಡಿಸುತ್ತಿದ್ದ ಆ ಹಿರಿಯ ಡ್ರೈವರಿಗೆ ಅವರಿಟ್ಟ ಹೆಸರು ಆಮೆರಾಯ. ರಸ್ತೆಯಲ್ಲಿ ಆತ ಆಮೆಯೇನಲ್ಲ. ರೈಲು ತಪ್ಪಿತೆಂದು ಕೈಚೆಲ್ಲಿ ಕೂತವರನ್ನೂ ಹೊತ್ತಿಗೆ ಸರಿಯಾಗಿ ಮುಟ್ಟಿಸಿದವನು. ಚಾರ್ಜಿಂಗ್ ಅಂಗಳಕ್ಕೆ ಬಂದಾಗ ಮಾತ್ರ ಎಲ್ಲರೂ ಒಂದು ಕಡೆ ತಿರುಗಿದರೆ ಈತ ಇನ್ನೊಂದು ಕಡೆ ತಿರುಗುತ್ತಿದ್ದ.

ಆ ಅಂಗಳದ ಗೇಟಿನ ಬಳಿ ಬೀರುವಿನಷ್ಟು ಎತ್ತರದ, ಸದಾ ಗುಂಯ್‌ಗುಡುವ ಡಿಸಿ ಯಂತ್ರವಿತ್ತು. ಅದಕ್ಕೆ ಹಾಕಿದರೆ ಒಂದು ಟೀ ಕುಡಿದು, ಕಂಪನಿಯವರನ್ನು ನಾಲ್ಕು ಮಾತು ಬೈಯುವಷ್ಟರಲ್ಲಿ ಬ್ಯಾಟರಿ ತುಂಬುತ್ತಿತ್ತು. ಮೂಲೆಯ ಗೋಡೆಯಲ್ಲಿ ಅಂಗೈಯಗಲದ ಎಸಿ ಚಾರ್ಜಿಂಗ್ ಡಬ್ಬವೊಂದಿತ್ತು. ಅದಕ್ಕೆ ಹಾಕಿದರೆ ಮಧ್ಯಾಹ್ನ ಪೂರ್ತಿ ಬೇಕು. ಆಮೆರಾಯ ದಿನಾ ಊಟದ ಹೊತ್ತಿಗೆ ಬಂದು ಆ ಮೂಲೆಯಲ್ಲೇ ನಿಲ್ಲಿಸುತ್ತಿದ್ದ.

"ಅಣ್ಣಾ, ದೊಡ್ಡದು ಖಾಲಿ ಇದೆ," ಎನ್ನುವಳು ಅಂಗಳ ನೋಡಿಕೊಳ್ಳುವ ಹೆಂಗಸು.

"ಆತುರಕ್ಕೆ ತುಂಬಿದ್ರೆ ಬ್ಯಾಟರಿ ಬೇಗ ಸಾಯುತ್ತೆ ಕಣಮ್ಮ."

ಬ್ಯಾಟರಿ ಇರಲಿ ಸಾಯಲಿ, ಆತನಿಗೇನು? ಅಂಗಳದ ಗೋಡೆಗೆ ಒತ್ತಿಕೊಂಡೇ ಆಸ್ಪತ್ರೆ. ಅದರ ಎರಡನೆಯ ಮಹಡಿಯಲ್ಲಿ ಆತನ ಹೆಂಡತಿ ಮಲಗಿದ್ದಳು. ಗುಣವಾಗಿ ಮನೆಗೆ ಹೋಗುವವರ ವಾರ್ಡಲ್ಲ ಅದು.

ಹೆಂಡತಿಯಾದರೂ ಎಂಥವಳು? ಬಾಳೆಲ್ಲ ಹೊಲಿಗೆ ಮಿಷನ್ನಿನ ಮುಂದೆ ಕೂತು ಕಾಲು ನಿಲ್ಲಿಸದವಳು. ಗಂಡ ಸುಮ್ಮನೆ ಕೂತರೆ ಸಹಿಸಳು. ಸೇರಿಸಿದ ಮೊದಲ ದಿನಗಳಲ್ಲಿ ಆತ ಸ್ಟೂಲಿನ ಮೇಲೆ ಕೂರುವ ಮೊದಲೇ ಅಟ್ಟುತ್ತಿದ್ದಳು. "ನನ್ನ ಮುಖದಲ್ಲಿ ಏನಿದೆ ಅಂತ ನೋಡ್ತೀರಿ? ಬಾಡಿಗೆ ತಪ್ಪುತ್ತೆ, ನಡೀರಿ." ಅದಕ್ಕೆ ಆತ ಒಂದು ಉಪಾಯ ಹೂಡಿದ.

"ಹೋಗೋಕೆ ಗಾಡಿ ತುಂಬಬೇಕಲ್ಲೇ? ಗೋಡೆಯಿಂದ ಬರೋದು ಎಸಿ ಕರೆಂಟು. ಅದು ಒಂದೇ ದಿಕ್ಕಿಗೆ ಹೋಗಲ್ಲ, ಹಿಂದೆ ಮುಂದೆ ಓಲಾಡ್ತಾ ಇರುತ್ತೆ. ಬ್ಯಾಟರಿಗೆ ಒಂದೇ ದಿಕ್ಕಿಗೆ ಹರಿಯೋ ಡಿಸಿನೇ ಆಗಬೇಕು. ಗಾಡಿಯೊಳಗೆ ಒಂದು ಪುಟ್ಟ ಯಂತ್ರ ಇದೆ, ಅದು ಇಷ್ಟಿಷ್ಟೇ ಬದಲಾಯಿಸಿ ಕೊಡುತ್ತೆ. ಹೊತ್ತು ಹಿಡಿಯುತ್ತೆ."

"ಹೊರಗೇ ಬದಲಾಯಿಸಿ ಕೊಡೋಕೆ ಆಗಲ್ವೇನ್ರೀ? ದಿನಸಿ ಕೊಡೋ ಬದಲು ಅಡುಗೇನೇ ಮಾಡಿ ಕಳಿಸಿದ ಹಾಗೆ?"

ಗೇಟಿನ ಬಳಿಯ ಬೀರುವಿನಂಥ ಡಿಸಿ ಯಂತ್ರ ಮಾಡುವ ಕೆಲಸವೇ ಅದು.

"ಅಂಥದ್ದೆಲ್ಲ ಇಲ್ಲೆಲ್ಲಿದೆ?" ಎಂದ.

"ಹೌದಾ," ಎಂದು ಆಕೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೊರಗೆ ನೋಡುತ್ತಲೇ, "ಹಾಗಾದ್ರೆ ಕೂತ್ಕೊಳ್ಳಿ," ಎಂದಳು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಮದುವೆಯ ಕೊನೆಯ ದಿನಗಳಿಗೆ ಎಷ್ಟು ಸುಳ್ಳು ಬೇಕೆಂದು ಯಾರೂ ಹೇಳಿಲ್ಲ. ಆತ ಹೇಳಿದ್ದು ಒಂದೇ, ಅದರ ನೆರಳಲ್ಲಿ ಮಧ್ಯಾಹ್ನಗಳು ಕಳೆದವು. ಬಾಗಿಲ ಕಡೆಯ ಸ್ಟೂಲಿನಲ್ಲಿ ಆತ, ಕಿಟಕಿಗೆ ಅಂಟಿದ ಮಂಚದಲ್ಲಿ ಆಕೆ. ಕಿಟಕಿಯ ಕಟ್ಟೆಯ ಮೇಲೆ ಅವಳ ಸೂಜಿದಾರದ ಡಬ್ಬಿ. ಅಂಗಿಗೆ ಗುಂಡಿ ಹಚ್ಚುವುದನ್ನು ಆತನಿಗೆ ಕಲಿಸಿದಳು. ಯಾಕೆ ಕಲಿಸುತ್ತಿದ್ದಾಳೆಂದು ಇಬ್ಬರಿಗೂ ಗೊತ್ತಿತ್ತು. ಆತ ಸೂಜಿ ಚುಚ್ಚಿಕೊಂಡಾಗಲೆಲ್ಲ, "ಸ್ಟೇರಿಂಗ್ ತಿರುಗಿಸಿದ ಹಾಗಲ್ಲ ರೀ," ಎಂದು ಕೆಮ್ಮು ಬರುವಷ್ಟು ನಗುವಳು.

ಅಷ್ಟರಲ್ಲಿ ಕಂಪನಿಯ ಮೇಲ್ವಿಚಾರಕನ ಕಣ್ಣು ಬಿತ್ತು. "ದಿನಾ ಮಧ್ಯಾಹ್ನ ಗಾಡಿ ಯಾಕೆ ಮಲಗಿಸ್ತೀರಿ? ನಾಳೆಯಿಂದ ಡಿಸಿಗೇ ಹಾಕಬೇಕು," ಎಂದು ಫೋನು ಮಾಡಿದ. ಹೆಂಡತಿ ಸಾಯುತ್ತಿದ್ದಾಳೆ ಎಂದಿದ್ದರೆ ಮುಗಿದಿತ್ತು. ಆ ಮಾತನ್ನು ಆತ ಆಡಲಿಲ್ಲ. ಆಡಿದರೆ ನಿಜವಾದೀತೆಂಬ ಭಯ.

"ಚಾರ್ಜ್ ಮಾಡೋ ಜಾಗದಲ್ಲಿ ಕೆಳಗಿನ ಎರಡು ದಪ್ಪ ತೂತು ಕೆಟ್ಟಿವೆ ಸ್ವಾಮಿ. ಡಿಸಿ ಅವುಗಳಲ್ಲೇ ಹೋಗಬೇಕು. ಮೇಲಿನ ಎಸಿದು ಮಾತ್ರ ಸರಿ ಇದೆ."

"ಹಾಗಾದ್ರೆ ವರ್ಕ್‌ಶಾಪಿಗೆ ಬಿಡಿ. ಪಕ್ಕದಲ್ಲೇ ಇದ್ದು ತೋರಿಸಿ."

ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದದ್ದು ಹೀಗೆ. ವರ್ಕ್‌ಶಾಪು ಊರಿನ ಇನ್ನೊಂದು ತುದಿ. ಎರಡು ಮಧ್ಯಾಹ್ನ ಆತ ಹಳೇ ಟೈರಿನ ಮೇಲೆ ಕೂತ. ಮೆಕ್ಯಾನಿಕ್ಕು ಏನೂ ಆಗದ ಸಾಕೆಟ್ಟನ್ನು ಬಿಚ್ಚಿದ, ಅಳೆದ, ತಲೆ ಕೆರೆದುಕೊಂಡ. ಆಸ್ಪತ್ರೆ ಬಾಗಿಲು ಹಾಕುವ ಹೊತ್ತಿಗಷ್ಟೇ ಈತನಿಗೆ ಬಿಡುಗಡೆ.

ಮೂರನೆಯ ದಿನ, "ಏನೂ ಕೆಟ್ಟಿಲ್ಲವಲ್ಲ ಯಜಮಾನ್ರೇ," ಎಂದು ಮೆಕ್ಯಾನಿಕ್ಕು ತಲೆಯೆತ್ತುವಾಗಲೇ ಫೋನು ಬಂತು. ನರ್ಸಮ್ಮ. "ಬೇಗ ಬನ್ನಿ" ಎಂದಷ್ಟೇ ಹೇಳಿದಳು. ಆತ ಕೀಲಿ ಬೆಂಚಿನ ಮೇಲೆ ಬಿಸುಟು ಓಡಿದ. ಇಷ್ಟು ವರ್ಷ ಊರನ್ನೆಲ್ಲ ಹೊತ್ತಿಗೆ ಮುಟ್ಟಿಸಿದವನು ಬಸ್ಸಿನಲ್ಲಿ ಜೋತುಬಿದ್ದು ಬಂದ.

ಹೆಂಡತಿಯ ಉಸಿರು ಮೇಲುಮೇಲಕ್ಕೆ ಆಡುತ್ತಿತ್ತು. ಕಣ್ಣು ಬಿಟ್ಟು ನೋಡಿದಳು.

"ಗಾಡಿ?"

"ಕೆಳಗಿದೆ ಕಣೇ. ಚಾರ್ಜಿಗೆ ಹಾಕಿದೀನಿ."

ಆಕೆ ಕಿಟಕಿಯ ಕಡೆ ಮುಖ ಹೊರಳಿಸಿ ಹೊರಗೆ ನೋಡಿದಳು.

"ಇನ್ನೂ ಹೊತ್ತಿದೆಯಾ ತುಂಬೋಕೆ?"

"ಬೇಕಾದಷ್ಟಿದೆ."

"ನಿಧಾನವಾಗೇ ತುಂಬಲಿ ಬಿಡಿ," ಎಂದು ಆತನ ಕೈ ಹಿಡಿದುಕೊಂಡಳು. ದೀಪ ಹಚ್ಚುವ ಹೊತ್ತಿಗೆ ಆ ಹಿಡಿತ ಸಡಿಲವಾಯಿತು.

ಮರುದಿನ ಬೆಳಗ್ಗೆ ಸಾಮಾನು ಒಯ್ಯಲು ಬಂದ. ಫ್ಲಾಸ್ಕು, ಬಾಚಣಿಗೆ, ಶಾಲು. ಸೂಜಿದಾರದ ಡಬ್ಬಿ ಕಿಟಕಿಯ ಕಟ್ಟೆಯ ಮೇಲಿತ್ತು. ಅದನ್ನೆತ್ತಲು ಖಾಲಿ ಮಂಚದ ಮೇಲೆ ಕೂತು ಕೈ ಚಾಚಿದ. ಆ ಬದಿಗೆ ಆತ ಬಂದದ್ದು ಅದೇ ಮೊದಲು.

ಕೆಳಗೆ ಚಾರ್ಜಿಂಗ್ ಅಂಗಳವಿತ್ತು. ದಿಂಬಿನ ಮಟ್ಟಕ್ಕೆ ತಲೆ ತಗ್ಗಿಸಿ ನೋಡಿದ. ಆಗಲೂ ಪೂರ್ತಿ ಕಾಣುತ್ತಿತ್ತು. ಆತ ನೋಡುತ್ತಿದ್ದಂತೆಯೇ ಗೇಟಿನ ಯಂತ್ರದಿಂದ ಒಂದು ಟ್ಯಾಕ್ಸಿ ಹೊರಟಿತು, ಇನ್ನೊಂದು ಬಂದು ನಿಂತಿತು. ಮೂಲೆಯಲ್ಲಿ ಎಸಿ ಡಬ್ಬ, ಸುತ್ತಿಟ್ಟ ವಯರು, ಮುಂದೆ ಖಾಲಿ ಜಾಗ. ನಿನ್ನೆಯೂ ಅದು ಖಾಲಿಯೇ ಇತ್ತು. ಅದನ್ನು ನೋಡುತ್ತಲೇ ಆಕೆ ನಿಧಾನವಾಗಿ ತುಂಬಲಿ ಎಂದಿದ್ದಳು. ಮೊದಲ ದಿನದಿಂದ ಎಲ್ಲ ಕಂಡೂ, ಅವನ ಸುಳ್ಳನ್ನು ನಂಬಿದವಳಂತೆ ಕೂರಿಸಿಕೊಂಡಿದ್ದಳು.

ಆಮೆರಾಯ ಡಬ್ಬಿಯನ್ನು ಎದೆಗೊತ್ತಿಕೊಂಡು ಆ ಮಂಚದ ಮೇಲೆ ಕೂತು ಗಟ್ಟಿಯಾಗಿ ಅತ್ತ. ಎಷ್ಟು ಹೊತ್ತು ಕೂತರೂ, ಬಾಡಿಗೆ ತಪ್ಪುತ್ತೆ ನಡೀರಿ ಎಂದು ಅಟ್ಟುವವರು ಯಾರೂ ಇರಲಿಲ್ಲ.